ಕಲ್ಚರ್ ವರದಿಗೆ ಮೊದಲು ಮತ್ತು ನಂತರ: ಬ್ಯಾಕ್ಟೀರಿಯಾ ಸೋಂಕನ್ನು ಪತ್ತೆ ಹಚ್ಚುವ ಹಂತಗಳು

ಕೆಲವು ವರ್ಷಗಳ ಹಿಂದೆ, ಮಧ್ಯಾಹ್ನದ ಊಟದ ಹೊತ್ತಿಗೆ, ಶಸ್ತ್ರಚಿಕಿತ್ಸಾ ಕೊಠಡಿಯಿಂದ ನಮ್ಮ ಲ್ಯಾಬಿಗೆ ಒಂದು ಪುಟ್ಟ ಬಾಟಲಿ ಬಂತು. ಯಕೃತ್ತಿನಲ್ಲಿ ಕಟ್ಟಿಕೊಂಡಿದ್ದ ಕೀವನ್ನು ಬಸಿದು, ಅದರ ಗೋಡೆಯ ಒಂದು ಚೂರನ್ನೂ ಸೇರಿಸಿ, ಕಲ್ಚರ್ ಮಾಡಿ, ಅಂದರೆ ಅದರಲ್ಲಿನ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ನೋಡಿ, ತಿಳಿಸುವಂತೆ ಬರೆದಿದ್ದರು. ಮುಚ್ಚಳ ತೆರೆದೊಡನೆ ಕಣ್ಣು ಉರಿಯಿತು. ಕೀವೂ ಚೂರೂ ಫಾರ್ಮಾಲಿನ್‌ನಲ್ಲಿ ಮುಳುಗಿದ್ದವು. ಬಯಾಪ್ಸಿಗೆಂದು ಇಟ್ಟಿದ್ದ ಬಾಟಲಿಯನ್ನೇ ಯಾರೋ ಆತುರದಲ್ಲಿ ಕೈಗೆತ್ತಿಕೊಂಡಿದ್ದರು. ಅಂಗಾಂಶ ಕೆಡದಂತೆ ಕಾಪಾಡುವ ಆ ದ್ರವ ಅದರೊಳಗಿನ ರೋಗಾಣುಗಳನ್ನು ಕೊಂದು ಹಾಕುತ್ತದೆ. ಫೋನ್ ಮಾಡಿ ಇನ್ನೊಂದು ಮಾದರಿ ಕೇಳುವಷ್ಟರಲ್ಲಿ ರೋಗಿಗೆ ಹೊಲಿಗೆ ಹಾಕಿಯಾಗಿತ್ತು. ಬಂದದ್ದನ್ನು ಹಾಗೆಯೇ ತಟ್ಟೆಗೆ ಹಚ್ಚಿ ಎರಡು ದಿನದ ನಂತರ 'ಬೆಳವಣಿಗೆ ಇಲ್ಲ' ಎಂದು ಬರೆದು ಕಳಿಸಿದ್ದರೆ, ಆ ವರದಿಯಲ್ಲಿ ಒಂದಕ್ಷರವೂ ತಪ್ಪಿರುತ್ತಿರಲಿಲ್ಲ, ಆದರೆ ಅದನ್ನು ನಂಬಿ ಔಷಧ ನಿಲ್ಲಿಸಿದವರು ಮಾತ್ರ ಮೋಸ ಹೋಗುತ್ತಿದ್ದರು.

ಬ್ಯಾಕ್ಟೀರಿಯಾ ಸೋಂಕಿನ ಪತ್ತೆಯಲ್ಲಿ ಆಗುವ ತಪ್ಪುಗಳಲ್ಲಿ ಬಹುಪಾಲು ಹೀಗೆ ಲ್ಯಾಬಿನ ಬಾಗಿಲಿನಿಂದ ಆಚೆಗೇ ಆಗಿ ಮುಗಿದಿರುತ್ತವೆ. ಯಂತ್ರ ಎಷ್ಟೇ ದುಬಾರಿಯದಾಗಿರಲಿ, ನಾವು ಮಾಡುವುದು ಒಂದು ಬಗೆಯ ಬೇಸಾಯವೇ; ಬಿತ್ತಿದ್ದು ಬೆಳೆಯುತ್ತದೆ, ಕಳೆಯನ್ನು ಬಿತ್ತಿದರೆ ಕಳೆಯೇ ಹುಲುಸಾಗಿ ಬೆಳೆಯುತ್ತದೆ. ಆದ್ದರಿಂದ ವೈದ್ಯಕೀಯ, ನರ್ಸಿಂಗ್ ಮತ್ತು ಲ್ಯಾಬ್ ತಂತ್ರಜ್ಞಾನದ ವಿದ್ಯಾರ್ಥಿಗಳಿಗೆ, ವಾರ್ಡಿನಲ್ಲಿ ದುಡಿಯುವ ಹೌಸ್ ಸರ್ಜನ್‌ಗಳಿಗೆ, ಮನೆಯವರ ವರದಿಯನ್ನು ಕೈಯಲ್ಲಿ ಹಿಡಿದು ಅರ್ಥವಾಗದೆ ಕುಳಿತವರಿಗೆ ಉಪಯೋಗವಾಗಲೆಂದು ಈ ಕೆಲಸವನ್ನು ಅದು ನಡೆಯುವ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ. ಕೆಲವು ಹಂತಗಳ ಬಗ್ಗೆ ಹೆಚ್ಚು ಹೇಳಬೇಕಾಗಿದೆ, ಕೆಲವಕ್ಕೆ ನಾಲ್ಕು ಸಾಲು ಸಾಕು.

ಹಂತ 1: ಏನನ್ನು ಹುಡುಕುತ್ತಿದ್ದೇವೆ ಎಂಬುದನ್ನು ಬರೆದುಕೊಳ್ಳಿ

ಲ್ಯಾಬಿಗೆ ಬರುವ ಕೋರಿಕೆ ಚೀಟಿಗಳಲ್ಲಿ ರೋಗದ ವಿವರದ ಜಾಗದಲ್ಲಿ 'ಜ್ವರ' ಎಂಬ ಒಂದೇ ಪದ ಇರುವುದು ನನ್ನ ವೃತ್ತಿಜೀವನದ ನಿತ್ಯದ ಕಿರಿಕಿರಿ. ಜುಲೈ ತಿಂಗಳಲ್ಲಿ ಕುಂದಾಪುರದ ಕಡೆಯ ಒಬ್ಬ ರೈತರಿಗೆ ಹತ್ತು ದಿನಗಳಿಂದ ಜ್ವರವಿದೆ ಎಂದುಕೊಳ್ಳೋಣ. ಅವರಿಗೆ ಸಕ್ಕರೆ ಕಾಯಿಲೆ ಇದೆಯೇ, ನಾಟಿ ಮಾಡಲು ಕೆಸರಿಗೆ ಇಳಿದಿದ್ದರೇ, ಕಾಲಿನಲ್ಲಿ ಗಾಯವಿತ್ತೇ, ಕಣ್ಣು ಕೆಂಪಾಗಿದೆಯೇ ಅಥವಾ ಹಳದಿಯಾಗಿದೆಯೇ, ಕಂಕುಳಲ್ಲಿ ಅಥವಾ ತೊಡೆಸಂದಿಯಲ್ಲಿ ಸಿಗರೇಟಿನಿಂದ ಸುಟ್ಟಂತಹ ಕಪ್ಪು ಹೊಪ್ಪಳೆ ಕಾಣುತ್ತದೆಯೇ, ಊರಿನ ಔಷಧದ ಅಂಗಡಿಯಿಂದ ಈಗಾಗಲೇ ಯಾವ ಮಾತ್ರೆ ನುಂಗಿದ್ದಾರೆ ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರದ ಮೇಲೆ ಇಲಿಜ್ವರ, ಸ್ಕ್ರಬ್ ಟೈಫಸ್, ವಿಷಮಶೀತ ಜ್ವರ (ಟೈಫಾಯಿಡ್), ಮಣ್ಣಿನ ಬ್ಯಾಕ್ಟೀರಿಯಾದಿಂದ ಬರುವ ಮೆಲಿಯಾಯ್ಡೋಸಿಸ್ ಇವುಗಳಲ್ಲಿ ಯಾವುದನ್ನು ಮೊದಲು ಹುಡುಕಬೇಕೆಂಬುದು ತೀರ್ಮಾನವಾಗುತ್ತದೆ. ಈ ನಾಲ್ಕಕ್ಕೂ ಬೇಕಾದ ಪರೀಕ್ಷೆ ಬೇರೆ, ಮಾದರಿ ಬೇರೆ, ಸರಿಯಾದ ದಿನವೂ ಬೇರೆ. ಸ್ಕ್ರಬ್ ಟೈಫಸ್‌ನ ರೋಗಾಣು ಜೀವಕೋಶದ ಒಳಗಲ್ಲದೆ ಬೇರೆಡೆ ಬೆಳೆಯುವುದಿಲ್ಲ, ಆದ್ದರಿಂದ ಎಷ್ಟು ಬಾರಿ ಸಾಮಾನ್ಯ ರಕ್ತದ ಕಲ್ಚರ್ ಕಳಿಸಿದರೂ ಅದು ಸಿಗುವುದಿಲ್ಲ. ಚೀಟಿಯಲ್ಲಿ ರೋಗಿಯ ವಯಸ್ಸು, ಕಸುಬು, ಜ್ವರದ ದಿನಗಳ ಸಂಖ್ಯೆ, ಆರಂಭಿಸಿದ ಆ್ಯಂಟಿಬಯೋಟಿಕ್‌ನ ಹೆಸರು, ವೈದ್ಯರ ಅನುಮಾನ ಇಷ್ಟನ್ನು ಬರೆಯಲು ಒಂದು ನಿಮಿಷ ಸಾಕು.

ಇದೇ ಹಂತದಲ್ಲಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಇನ್ನೊಂದು ವಿಚಾರವಿದೆ. ರಕ್ತ, ಮಿದುಳುಬಳ್ಳಿಯ ದ್ರವ, ಕೀಲಿನ ದ್ರವ ಇವು ಆರೋಗ್ಯವಂತರಲ್ಲಿ ಬ್ಯಾಕ್ಟೀರಿಯಾ ಇಲ್ಲದ ಜಾಗಗಳು. ಅಲ್ಲಿ ಒಂದು ಬೆಳೆದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗಂಟಲು, ಚರ್ಮ, ಕರುಳು ಹಾಗಲ್ಲ, ಅಲ್ಲಿ ಬ್ಯಾಕ್ಟೀರಿಯಾಗಳು ಕಾಯಂ ನಿವಾಸಿಗಳು. ಮಧುಮೇಹದಿಂದಾದ ಕಾಲಿನ ಹುಣ್ಣಿನ ಮೇಲ್ಮೈಯನ್ನು ಹತ್ತಿಯ ಕಡ್ಡಿಯಿಂದ ಸವರಿ ಕಳಿಸಿದರೆ ಏನಾದರೂ ಬೆಳೆದೇ ಬೆಳೆಯುತ್ತದೆ, ಅದು ಸೋಂಕೋ ಬರಿಯ ವಾಸವೋ ಎಂಬುದನ್ನು ತಟ್ಟೆ ಹೇಳುವುದಿಲ್ಲ. ಸುತ್ತಲಿನ ಚರ್ಮ ಕೆಂಪಾಗಿದೆಯೇ, ಬಿಸಿಯಾಗಿದೆಯೇ, ಊದಿದೆಯೇ, ನೋವಿದೆಯೇ ಎಂದು ನೋಡಬೇಕಾದವರು ಹಾಸಿಗೆಯ ಪಕ್ಕ ನಿಂತವರು.

ಹಂತ 2: ಮಾದರಿಯನ್ನು ಸರಿಯಾಗಿ ತೆಗೆಯಿರಿ

ಎಲ್ಲ ಮಾದರಿಗಳಿಗೂ ಸಲ್ಲುವ ನಿಯಮ ಒಂದೇ: ಆ್ಯಂಟಿಬಯೋಟಿಕ್‌ನ ಮೊದಲ ಡೋಸ್‌ಗೆ ಮುಂಚೆ ತೆಗೆಯಬೇಕು. ಆದರೆ ರೋಗಿಯ ರಕ್ತದೊತ್ತಡ ಕುಸಿಯುತ್ತಿರುವಾಗ ಅಥವಾ ಮಿದುಳುಪೊರೆಯ ಉರಿಯೂತದ ಅನುಮಾನವಿರುವಾಗ, ಮಾದರಿ ಸಿಗಲಿಲ್ಲವೆಂಬ ಕಾರಣಕ್ಕೆ ಔಷಧವನ್ನು ತಡಮಾಡುವಂತಿಲ್ಲ.

ರಕ್ತದ ಕಲ್ಚರ್ ಬಗ್ಗೆ ತುಸು ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದರಲ್ಲಿ ಆಗುವಷ್ಟು ಎಡವಟ್ಟು ಬೇರೆಲ್ಲೂ ಆಗುವುದಿಲ್ಲ. ರಕ್ತದಲ್ಲಿ ಸೋಂಕಿರುವ ವಯಸ್ಕರಲ್ಲಿಯೂ ಒಂದು ಮಿಲಿಲೀಟರ್ ರಕ್ತಕ್ಕೆ ಹಲವು ಬಾರಿ ಒಂದೇ ಒಂದು ಬ್ಯಾಕ್ಟೀರಿಯಾ ಇರುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ. ಎರಡು ಮಿಲಿಲೀಟರ್ ರಕ್ತ ತೆಗೆದು ಕಳಿಸಿ ಫಲಿತಾಂಶ ನಿರೀಕ್ಷಿಸುವುದೆಂದರೆ ಇಡೀ ಕೆರೆಗೆ ಒಂದು ಸಲ ಗಾಳ ಹಾಕಿ ಮೀನಿಲ್ಲವೆಂದು ಎದ್ದು ಬಂದಂತೆ. ವಯಸ್ಕರಲ್ಲಿ ಪ್ರತಿ ಬಾಟಲಿಗೆ 8ರಿಂದ 10 ಮಿಲಿಲೀಟರ್‌ನಂತೆ ಎರಡು ಬಾಟಲಿಗಳ ಒಂದು ಜೋಡಿ, ಅಂತಹ ಎರಡು ಅಥವಾ ಮೂರು ಜೋಡಿಗಳನ್ನು ಬೇರೆ ಬೇರೆ ರಕ್ತನಾಳಗಳಿಂದ ತೆಗೆಯಬೇಕು. ಎರಡು ಕೈಗಳಿಂದ ಎರಡು ಸಲ ಚುಚ್ಚುವುದು ರೋಗಿಗೆ ಹಿಂಸೆಯೆಂದು ಕಂಡರೂ ಅದಕ್ಕೊಂದು ಗಟ್ಟಿ ಕಾರಣವಿದೆ: ಚರ್ಮದ ಮೇಲೆ ವಾಸಿಸುವ ಸ್ಟಫೈಲೊಕಾಕಸ್ ಎಪಿಡರ್ಮಿಡಿಸ್‌ನಂತಹ ಬ್ಯಾಕ್ಟೀರಿಯಾ ಒಂದೇ ಬಾಟಲಿಯಲ್ಲಿ ಬೆಳೆದರೆ ಅದು ಸೂಜಿಯ ಜೊತೆ ಹೊಕ್ಕ ಕಲಬೆರಕೆ ಎಂದು ಹೇಳಬಹುದು, ಎರಡೂ ಕೈಗಳ ರಕ್ತದಲ್ಲಿ ಅದೇ ಬೆಳೆದರೆ ನಿಜವಾದ ಸೋಂಕೆಂದು ಗಂಭೀರವಾಗಿ ಪರಿಗಣಿಸಬೇಕು. ಒಂದೇ ಬಾಟಲಿ ಕಳಿಸಿದ ವಾರ್ಡಿಗೆ ಈ ಹೋಲಿಕೆಯ ಅವಕಾಶವೇ ಇರುವುದಿಲ್ಲ.

ಚರ್ಮವನ್ನು ಆಲ್ಕೊಹಾಲ್ ಬೆರೆತ ಕ್ಲೋರ್‌ಹೆಕ್ಸಿಡಿನ್‌ನಿಂದ ಅರ್ಧ ನಿಮಿಷ ಉಜ್ಜಿ, ಅದು ತಾನಾಗಿ ಆರುವವರೆಗೆ ಕಾಯಬೇಕು. ಈ ಕಾಯುವಿಕೆಯನ್ನೇ ಎಲ್ಲರೂ ನುಂಗಿಹಾಕುತ್ತಾರೆ. ಊದಿ ಆರಿಸುವವರನ್ನೂ ನೋಡಿದ್ದೇನೆ. ಒರೆಸಿದ ಮೇಲೆ ನಾಳ ಎಲ್ಲಿದೆಯೆಂದು ಮತ್ತೆ ಬೆರಳಿಟ್ಟು ನೋಡಿದರೆ ಮಾಡಿದ್ದೆಲ್ಲ ವ್ಯರ್ಥ. ಬಾಟಲಿಯ ರಬ್ಬರ್ ಮುಚ್ಚಳವನ್ನೂ ಶೇ 70ರ ಆಲ್ಕೊಹಾಲ್‌ನಿಂದ ಒರೆಸಬೇಕು. ರಕ್ತ ತುಂಬಿದ ಬಾಟಲಿಯನ್ನು ಎಂದಿಗೂ ಫ್ರಿಜ್‌ನಲ್ಲಿ ಇಡಬಾರದು.

ಮೂತ್ರದ ವಿಚಾರದಲ್ಲಿ ನಿಯಮ ತಿರುವುಮುರುವು. ಮೂತ್ರವೇ ಬ್ಯಾಕ್ಟೀರಿಯಾಗಳಿಗೆ ಒಳ್ಳೆಯ ಆಹಾರವಾದ್ದರಿಂದ ಕೋಣೆಯ ಶಾಖದಲ್ಲಿ ಬಿಟ್ಟರೆ ನೂರು ಇದ್ದದ್ದು ಲಕ್ಷವಾಗುತ್ತದೆ. ಎರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟದಿದ್ದರೆ 4 ಡಿಗ್ರಿ ಸೆಲ್ಸಿಯಸ್‌ನ ಫ್ರಿಜ್‌ನಲ್ಲಿ ಇಡಬೇಕು. ಸ್ವಚ್ಛವಾಗಿ ತೊಳೆದುಕೊಂಡು, ಮೊದಲ ಧಾರೆಯನ್ನು ಬಿಟ್ಟು, ನಡುವಿನ ಧಾರೆಯನ್ನು ಕ್ರಿಮಿರಹಿತ ಡಬ್ಬಿಯಲ್ಲಿ ಹಿಡಿಯಬೇಕೆಂದು ರೋಗಿಗೆ ಅವರ ಮಾತಿನಲ್ಲಿ ವಿವರಿಸಬೇಕು. ಡಬ್ಬಿಯನ್ನು ಕೈಗಿತ್ತು 'ಯೂರಿನ್ ತಗೊಂಡು ಬನ್ನಿ' ಎಂದರೆ ಬರುವುದು ಮೊದಲ ಧಾರೆಯೇ. ಕ್ಯಾಥೆಟರ್ ಹಾಕಿರುವ ರೋಗಿಯ ಚೀಲದಿಂದ ಮೂತ್ರ ತೆಗೆಯಲೇಬಾರದು, ಕೊಳವೆಯನ್ನು ಮೇಲ್ಭಾಗದಲ್ಲಿ ಒರೆಸಿ ಸಿರಿಂಜ್‌ನಿಂದ ಸೆಳೆಯಬೇಕು.

ಮಿದುಳುಬಳ್ಳಿಯ ದ್ರವವನ್ನು ಮಾತ್ರ ಫ್ರಿಜ್‌ನಲ್ಲಿ ಇಡಬೇಡಿ. ಮೆನಿಂಜೊಕಾಕಸ್‌ನಂತಹ ನಾಜೂಕಿನ ಬ್ಯಾಕ್ಟೀರಿಯಾ ಚಳಿಗೆ ಸಾಯುತ್ತದೆ. ಅದನ್ನು ಕೈಯಲ್ಲೇ ಹಿಡಿದು ಕೂಡಲೇ ಲ್ಯಾಬಿಗೆ ತಂದುಕೊಡುವುದು ಒಳ್ಳೆಯದು. ಕೀವಿದ್ದರೆ ಹತ್ತಿಯ ಕಡ್ಡಿಗಿಂತ ಸಿರಿಂಜ್‌ನಲ್ಲಿ ಸೆಳೆದ ಕೀವು ಎಷ್ಟೋ ಮೇಲು. ಕಫವೆಂದರೆ ಎದೆಯಾಳದಿಂದ ಕೆಮ್ಮಿ ತೆಗೆದದ್ದೇ ಹೊರತು ಉಗುಳಲ್ಲ. ಇದನ್ನು ಸೂಕ್ಷ್ಮದರ್ಶಕವೇ ತೋರಿಸಿಕೊಡುತ್ತದೆ: ಕಡಿಮೆ ಹಿಗ್ಗಿಸುವ ಮಸೂರದಲ್ಲಿ ಒಂದು ನೋಟಕ್ಕೆ 25ಕ್ಕಿಂತ ಹೆಚ್ಚು ಕೀವುಕೋಶಗಳೂ 10ಕ್ಕಿಂತ ಕಡಿಮೆ ಬಾಯಿಪೊರೆಯ ಕೋಶಗಳೂ ಇದ್ದರೆ ಅದು ಕಫ, ತದ್ವಿರುದ್ಧವಾದರೆ ಉಗುಳು. ಉಗುಳನ್ನು ತಿರಸ್ಕರಿಸಿ ಮತ್ತೊಂದು ಮಾದರಿ ಕೇಳುವ ಲ್ಯಾಬನ್ನು ಬೈಯಬೇಡಿ, ಅದು ನಿಮ್ಮ ರೋಗಿಯನ್ನು ಸಲ್ಲದ ಔಷಧದಿಂದ ಉಳಿಸುತ್ತಿದೆ.

ಹಂತ 3: ಗ್ರಾಮ್ ಬಣ್ಣ ಹಾಕಿ ನೋಡಿ

1884ರಲ್ಲಿ ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದ ಡೆನ್ಮಾರ್ಕ್‌ನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್, ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದ ಚೂರುಗಳಲ್ಲಿ ಬ್ಯಾಕ್ಟೀರಿಯಾಗಳು ಎದ್ದು ಕಾಣುವಂತೆ ಮಾಡಲು ಹೊರಟು ಈ ವಿಧಾನವನ್ನು ಪ್ರಕಟಿಸಿದರು. ಇಂದಿಗೂ ಅರ್ಧ ಗಂಟೆಯೊಳಗೆ, ಕೆಲವೇ ರೂಪಾಯಿ ಖರ್ಚಿನಲ್ಲಿ ಇಷ್ಟು ಮಾಹಿತಿ ಕೊಡುವ ಬೇರೆ ಪರೀಕ್ಷೆ ನನಗೆ ಗೊತ್ತಿಲ್ಲ. ಗಾಜಿನ ಮೇಲೆ ಮಾದರಿಯನ್ನು ತೆಳುವಾಗಿ ಸವರಿ, ಒಣಗಿಸಿ, ಜ್ವಾಲೆಯ ಮೇಲೆ ಎರಡು ಮೂರು ಸಲ ಆಡಿಸಿ ಅಂಟಿಸಿದ ಮೇಲೆ ಕ್ರಿಸ್ಟಲ್ ವಯಲೆಟ್ ಒಂದು ನಿಮಿಷ, ತೊಳೆದು ಅಯೋಡಿನ್ ಒಂದು ನಿಮಿಷ, ಬಳಿಕ ಆಲ್ಕೊಹಾಲ್ ಅಥವಾ ಅಸಿಟೋನ್, ಕೊನೆಗೆ ಸಫ್ರಾನಿನ್. ಇಡೀ ಕೆಲಸದ ಗುಟ್ಟು ಮೂರನೆಯ ಮೆಟ್ಟಿಲಿನಲ್ಲಿದೆ. ಗಾಜನ್ನು ಓರೆಯಾಗಿ ಹಿಡಿದು ಹನಿ ಹನಿಯಾಗಿ ಹಾಕುತ್ತಾ, ಇಳಿಯುವ ನೇರಳೆ ನೀರು ತಿಳಿಯಾದ ಆ ಕ್ಷಣಕ್ಕೆ ನಲ್ಲಿಯ ಕೆಳಗೆ ಹಿಡಿಯಬೇಕು. ಎರಡು ಸೆಕೆಂಡ್ ಹೆಚ್ಚಾದರೆ ದಪ್ಪ ಗೋಡೆಯ ಗ್ರಾಮ್ ಪಾಸಿಟಿವ್ ಬ್ಯಾಕ್ಟೀರಿಯಾ ಕೂಡ ಬಣ್ಣ ಕಳೆದುಕೊಂಡು ಗುಲಾಬಿಯಾಗಿ ಕಾಣುತ್ತದೆ. ಕಡಿಮೆಯಾದರೆ ತೆಳು ಗೋಡೆಯ ಗ್ರಾಮ್ ನೆಗೆಟಿವ್ ಕೂಡ ನೇರಳೆಯಾಗಿಯೇ ಉಳಿಯುತ್ತದೆ. ಕೀವುಕೋಶಗಳ ಕೋಶಕೇಂದ್ರ ಗುಲಾಬಿಯಾಗಿದ್ದರೆ ಬಣ್ಣ ಸರಿಯಾಗಿದೆಯೆಂದು ತಿಳಿಯಬಹುದು, ನೇರಳೆಯಾಗಿದ್ದರೆ ಮತ್ತೆ ಮಾಡಬೇಕು.

ದ್ರಾಕ್ಷಿಯ ಗೊಂಚಲಿನಂತೆ ನೇರಳೆ ಗುಂಡುಗಳು ಕಂಡರೆ ಸ್ಟಫೈಲೊಕಾಕಸ್, ಮಣಿಸರದಂತಿದ್ದರೆ ಸ್ಟ್ರೆಪ್ಟೊಕಾಕಸ್. ಕಾಫಿ ಹಣ್ಣನ್ನು ಬಿಡಿಸಿ ನೋಡಿದವರಿಗೆ ಮೆನಿಂಜೊಕಾಕಸ್ ಸೇರಿದ ನೈಸೀರಿಯಾ ಕುಲವನ್ನು ವಿವರಿಸುವುದು ಸುಲಭ. ಹಣ್ಣಿನೊಳಗೆ ಎರಡು ಬೀಜಗಳು ಚಪ್ಪಟೆಯ ಬದಿಯನ್ನು ಒಂದಕ್ಕೊಂದು ಎದುರಾಗಿಟ್ಟು ಕುಳಿತಂತೆ, ಕೀವುಕೋಶದ ಹೊಟ್ಟೆಯಲ್ಲಿ ಜೋಡಿ ಜೋಡಿಯಾಗಿ ಗುಲಾಬಿ ಗುಂಡುಗಳು ಕಾಣುತ್ತವೆ. ಮಿದುಳುಬಳ್ಳಿಯ ದ್ರವದಲ್ಲಿ ಅವು ಕಂಡರೆ ಕಲ್ಚರ್ ಬರುವವರೆಗೆ ಕಾಯದೆ ಕೂಡಲೇ ವಾರ್ಡಿಗೆ ಫೋನ್ ಮಾಡಬೇಕು. ಇನ್ನೊಂದು ಸುಳಿವನ್ನೂ ನೆನಪಿಡಿ: ಗ್ರಾಮ್ ಬಣ್ಣದಲ್ಲಿ ಬ್ಯಾಕ್ಟೀರಿಯಾ ತುಂಬಿ ತುಳುಕುತ್ತಿದ್ದು, ಕೀವು ಗಬ್ಬು ನಾರುತ್ತಿದ್ದು, ಮರುದಿನ ತಟ್ಟೆಯಲ್ಲಿ ಏನೂ ಇಲ್ಲದಿದ್ದರೆ ಆಮ್ಲಜನಕವನ್ನು ಸಹಿಸದ ಬ್ಯಾಕ್ಟೀರಿಯಾಗಳನ್ನು ಸಂಶಯಿಸಬೇಕು. ಅಥವಾ ರೋಗಿಗೆ ಆ್ಯಂಟಿಬಯೋಟಿಕ್ ಮೊದಲೇ ಬಿದ್ದಿದೆಯೇ ಎಂದು ವಿಚಾರಿಸಬೇಕು.

ಹಂತ 4: ಬೆಳೆಸಿ ನೋಡಿ

ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯೊಳಗಿನ ಜೆಲ್ಲಿಯಂತಹ ಅಗರ್ ಕಡಲಪಾಚಿಯಿಂದ ತೆಗೆದದ್ದು. 1880ರ ದಶಕದ ಆರಂಭದಲ್ಲಿ ರಾಬರ್ಟ್ ಕಾಖ್ ಅವರ ಪ್ರಯೋಗಾಲಯದಲ್ಲಿ ಜೆಲಾಟಿನ್ ಬೆಚ್ಚನೆಯ ಶಾಖಕ್ಕೆ ಕರಗಿ ನೀರಾಗುತ್ತಿದ್ದಾಗ, ಅಲ್ಲಿನ ಸಂಶೋಧಕರೊಬ್ಬರ ಪತ್ನಿ ಫ್ಯಾನಿ ಹೆಸ್ಸೆ ತಮ್ಮ ಅಡುಗೆಮನೆಯ ಜೆಲ್ಲಿಗೆ ಬಳಸುತ್ತಿದ್ದ ಅಗರ್ ಅನ್ನು ಸೂಚಿಸಿದರು. ಅದು ಇವತ್ತಿಗೂ ಬದಲಾಗಿಲ್ಲ.

ಸಾಮಾನ್ಯವಾಗಿ ಕುರಿಯ ರಕ್ತ ಬೆರೆಸಿದ ಬ್ಲಡ್ ಅಗರ್, ಮ್ಯಾಕ್‌ಕಾಂಕಿ ಅಗರ್, ರಕ್ತವನ್ನು ಕಾಯಿಸಿ ಹಾಕಿದ ಚಾಕೊಲೇಟ್ ಅಗರ್ ಈ ಮೂರರಲ್ಲಿ ಮಾದರಿಗೆ ತಕ್ಕವನ್ನು ಆರಿಸುತ್ತೇವೆ. ಮ್ಯಾಕ್‌ಕಾಂಕಿಯಲ್ಲಿ ಲ್ಯಾಕ್ಟೋಸ್ ಸಕ್ಕರೆಯನ್ನು ಹುಳಿಸುವ ಈ-ಕೊಲೈ, ಕ್ಲೆಬ್ಸಿಯೆಲ್ಲಾ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಹುಳಿಸಲಾರದ ಸಾಲ್ಮೊನೆಲ್ಲಾ, ಸ್ಯೂಡೊಮೊನಾಸ್ ಬಣ್ಣವಿಲ್ಲದೆ ಉಳಿಯುತ್ತವೆ. ಮಾದರಿಯನ್ನು ತಂತಿಯ ಕುಣಿಕೆಯಿಂದ ತಟ್ಟೆಯ ಒಂದು ಮೂಲೆಗೆ ಹಚ್ಚಿ, ಕುಣಿಕೆಯನ್ನು ಸುಟ್ಟು ಆರಿಸಿ, ಅಲ್ಲಿಂದ ಪಕ್ಕಕ್ಕೆ ಗೆರೆ ಎಳೆದು, ಮತ್ತೆ ಸುಟ್ಟು ಮುಂದಿನ ಪಾಲಿಗೆ ಎಳೆಯುತ್ತಾ ಹೋದರೆ, ಕೊನೆಯ ಗೆರೆಗಳಲ್ಲಿ ಬ್ಯಾಕ್ಟೀರಿಯಾಗಳು ಒಂದೊಂದಾಗಿ ಬಿದ್ದು ಮರುದಿನ ಬಿಡಿ ಬಿಡಿ ಕಾಲನಿಗಳಾಗಿ, ಅಂದರೆ ಒಂದೊಂದರಿಂದ ಬೆಳೆದ ಗುಂಪುಗಳಾಗಿ, ಕಾಣಿಸಿಕೊಳ್ಳುತ್ತವೆ. ಬಿಡಿ ಕಾಲನಿ ಸಿಗದೆ ಮುಂದಿನ ಯಾವ ಪರೀಕ್ಷೆಯನ್ನೂ ನಂಬುವಂತಿಲ್ಲ. ಬೆಳಿಗ್ಗೆ ತಟ್ಟೆಗಳನ್ನು ಹೊರತೆಗೆದು ನೋಡುವ ಹೊತ್ತು ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು: ಕುಣಿಕೆಯಿಂದ ಮುಟ್ಟಿ ಎತ್ತಿದರೆ ಬೆಂಡೆಕಾಯಿಯ ಲೋಳೆಯಂತೆ ಎಳೆಯೆಳೆಯಾಗಿ ಬರುವ ಕ್ಲೆಬ್ಸಿಯೆಲ್ಲಾ, ಅಗರ್‌ನ್ನೇ ಹಸಿರಾಗಿಸಿದ ಸ್ಯೂಡೊಮೊನಾಸ್, ಕೆರೆಗೆ ಕಲ್ಲೆಸೆದಂತೆ ಉಂಗುರ ಉಂಗುರವಾಗಿ ಇಡೀ ತಟ್ಟೆಯನ್ನು ಆವರಿಸಿಕೊಂಡ ಪ್ರೋಟಿಯಸ್.

ಮೂತ್ರದಲ್ಲಿ ಮಾತ್ರ ಎಣಿಕೆ ಮುಖ್ಯ. ಕುಣಿಕೆ ಒಂದು ಮಿಲಿಲೀಟರ್‌ನ ಸಾವಿರದ ಒಂದು ಪಾಲನ್ನು ಹಿಡಿಯುವಂತಹದಾದರೆ, ತಟ್ಟೆಯಲ್ಲಿ 100 ಕಾಲನಿಗಳು ಬಂದಾಗ ಮಿಲಿಲೀಟರ್‌ಗೆ 1 ಲಕ್ಷ ಎಂದು ಲೆಕ್ಕ. ಈ 1 ಲಕ್ಷದ ಗೆರೆಯನ್ನು 1950ರ ದಶಕದಲ್ಲಿ ಎಡ್ವರ್ಡ್ ಕ್ಯಾಸ್ ಅವರ ಅಧ್ಯಯನಗಳು ರೂಢಿಗೆ ತಂದವು. ಅದು ಕಲ್ಲಿನ ಮೇಲೆ ಕೊರೆದ ಅಂಕಿಯಲ್ಲ. ಉರಿಮೂತ್ರದಿಂದ ನರಳುತ್ತಿರುವ ಯುವತಿಯಲ್ಲಿ ಅದಕ್ಕಿಂತ ಕಡಿಮೆ ಸಂಖ್ಯೆಯ ಈ-ಕೊಲೈ ಕೂಡ ಸೋಂಕನ್ನೇ ಸೂಚಿಸಬಹುದು. ಮೂರು ಅಥವಾ ಹೆಚ್ಚು ಬಗೆಯ ಬ್ಯಾಕ್ಟೀರಿಯಾಗಳು ಒಟ್ಟಿಗೆ ಬೆಳೆದರೆ ಸಾಮಾನ್ಯವಾಗಿ ಮಾದರಿ ಕಲಬೆರಕೆಯಾಗಿದೆಯೆಂದೇ ಅರ್ಥ.

ಹಂತ 5: ಹೆಸರು ಹಚ್ಚಿ, ಆದರೆ ಯಂತ್ರ ಹೇಳಿದ ಹೆಸರನ್ನು ಪ್ರಶ್ನಿಸಿ

ಕ್ಯಾಟಲೇಸ್, ಕೊಯಾಗ್ಯುಲೇಸ್, ಆಕ್ಸಿಡೇಸ್, ಇಂಡೋಲ್, ಸಿಟ್ರೇಟ್, ಯೂರಿಯೇಸ್ ಎಂಬ ಸಾಲು ಸಾಲು ರಾಸಾಯನಿಕ ಪರೀಕ್ಷೆಗಳಿಂದ ಹೆಸರು ಹಚ್ಚುವ ಕಾಲ ದೊಡ್ಡ ಆಸ್ಪತ್ರೆಗಳಲ್ಲಿ ಹೋಗುತ್ತಿದೆ. ವೈಟೆಕ್‌ನಂತಹ ಯಂತ್ರಗಳು ರಾತ್ರಿ ಬೆಳಗಾಗುವಷ್ಟರಲ್ಲಿ, ಬ್ಯಾಕ್ಟೀರಿಯಾದ ಪ್ರೋಟೀನ್‌ಗಳನ್ನು ತೂಗಿ ಗುರುತಿಸುವ ಮಾಲ್ಡಿ-ಟಾಫ್ ಯಂತ್ರ ಕೆಲವೇ ನಿಮಿಷಗಳಲ್ಲಿ ಹೆಸರು ಹೇಳುತ್ತವೆ. ಹೇಳುವುದು ತಮ್ಮ ಪಟ್ಟಿಯಲ್ಲಿ ಇರುವ ಹೆಸರನ್ನು ಮಾತ್ರ ಎಂಬುದು ಮೆಲಿಯಾಯ್ಡೋಸಿಸ್‌ನ ವಿಚಾರದಲ್ಲಿ ಚೆನ್ನಾಗಿ ತಿಳಿಯುತ್ತದೆ.

ಈ ರೋಗವನ್ನು 1911ರಲ್ಲಿ ರಂಗೂನಿನಲ್ಲಿ ಆಲ್ಫ್ರೆಡ್ ವಿಟ್ಮೋರ್ ಮತ್ತು ಸಿ. ಎಸ್. ಕೃಷ್ಣಸ್ವಾಮಿ ಮೊದಲು ಗುರುತಿಸಿದರು. ಮಣ್ಣು ಮತ್ತು ನಿಂತ ನೀರಿನಲ್ಲಿರುವ ಬರ್ಕೋಲ್ಡೇರಿಯಾ ಸ್ಯೂಡೊಮ್ಯಾಲಿಯೈ ಇದಕ್ಕೆ ಕಾರಣ. ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಮಳೆಗಾಲದಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವ ಈ ರೋಗ ಮುಖ್ಯವಾಗಿ ಮಧುಮೇಹಿಗಳನ್ನು ಹಿಡಿಯುತ್ತದೆ. ನ್ಯುಮೋನಿಯಾ ಆಗಿ, ಗುಲ್ಮದಲ್ಲಿ ಅಥವಾ ಯಕೃತ್ತಿನಲ್ಲಿ ಕೀವಾಗಿ, ತಿಂಗಳುಗಟ್ಟಲೆಯ ಕೆಮ್ಮಾಗಿ ಬಂದು ಕ್ಷಯವೆಂದೇ ಭ್ರಮೆ ಹುಟ್ಟಿಸುತ್ತದೆ. ಲ್ಯಾಬಿನಲ್ಲಿ ಮೊದಲ ದಿನ ಇದರ ಕಾಲನಿಗಳು ನಯವಾಗಿದ್ದು ಯಾರ ಗಮನವನ್ನೂ ಸೆಳೆಯುವುದಿಲ್ಲ. ಆಕ್ಸಿಡೇಸ್ ಪಾಸಿಟಿವ್, ಲ್ಯಾಕ್ಟೋಸ್ ಹುಳಿಸುವುದಿಲ್ಲ ಎಂಬಷ್ಟನ್ನು ನೋಡಿ 'ಸ್ಯೂಡೊಮೊನಾಸ್ ಜಾತಿ' ಎಂದು ಬರೆದು ಮುಗಿಸಿಬಿಡುವ ಅಪಾಯ ಇಲ್ಲಿಯೇ ಇರುವುದು. ತಟ್ಟೆಯನ್ನು ಬಿಸಾಡದೆ ಮೂರನೆಯ ದಿನದವರೆಗೆ ಇಟ್ಟುಕೊಂಡರೆ ಅದೇ ಕಾಲನಿಗಳು ಒಣಗಿ ಸುಕ್ಕುಗಟ್ಟುತ್ತವೆ. ಗ್ರಾಮ್ ಬಣ್ಣದಲ್ಲಿ ಕಡ್ಡಿಯ ಎರಡು ತುದಿಗಳಷ್ಟೇ ಬಣ್ಣ ಹಿಡಿದು ನಡುವೆ ಖಾಲಿಯಾಗಿ, ಸೇಫ್ಟಿ ಪಿನ್ನಿನಂತೆ ಕಾಣುತ್ತದೆ. ಜೆಂಟಮೈಸಿನ್‌ಗೂ ಕೊಲಿಸ್ಟಿನ್‌ಗೂ ಜಗ್ಗದೆ, ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಬಗ್ಗುವ ಗ್ರಾಮ್ ನೆಗೆಟಿವ್ ಕಡ್ಡಿಯೆಂದರೆ ಇದೇ ಎಂದು ಮೊದಲು ಸಂಶಯಿಸಿ. ಯಂತ್ರ ಇದನ್ನು ಬರ್ಕೋಲ್ಡೇರಿಯಾ ಸೆಪೇಸಿಯಾ ಎಂದೋ ಥಾಯ್‌ಲ್ಯಾಂಡೆನ್ಸಿಸ್ ಎಂದೋ ತಪ್ಪಾಗಿ ಹೇಳಿದ ಉದಾಹರಣೆಗಳಿವೆ. ತಟ್ಟೆಯನ್ನು ಮೂಸಿ ನೋಡುವ ಹಳೆಯ ಚಾಳಿಯನ್ನು ಬಿಟ್ಟು, ಸುರಕ್ಷತಾ ಪೆಟ್ಟಿಗೆಯೊಳಗೆ ಕೆಲಸ ಮಾಡಬೇಕು. ಹೆಸರು ಸರಿಯಾಗದಿದ್ದರೆ ಚಿಕಿತ್ಸೆ ಹತ್ತು ದಿನಕ್ಕೆ ನಿಂತುಹೋಗುತ್ತದೆ. ಇದಕ್ಕೆ ಬೇಕಾದದ್ದು ಕನಿಷ್ಠ ಹತ್ತರಿಂದ ಹದಿನಾಲ್ಕು ದಿನ ಸೆಫ್ಟಜಿಡಿಮ್ ಅಥವಾ ಮೆರೊಪೆನೆಮ್ ಚುಚ್ಚುಮದ್ದು, ಆಮೇಲೆ ಸುಮಾರು ಮೂರು ತಿಂಗಳು ಕೋ-ಟ್ರೈಮಾಕ್ಸಜೋಲ್ ಮಾತ್ರೆ.

ಹಂತ 6: ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ಪರೀಕ್ಷಿಸಿ

1966ರಲ್ಲಿ ಪ್ರಕಟವಾದ ಕರ್ಬಿ-ಬಾವರ್ ವಿಧಾನವೇ ನಮ್ಮಲ್ಲಿ ಹೆಚ್ಚು ಕಡೆ ಬಳಕೆಯಲ್ಲಿದೆ. ಬ್ಯಾಕ್ಟೀರಿಯಾವನ್ನು ಸಲೈನ್‌ನಲ್ಲಿ ಕದಡಿ, 0.5 ಮ್ಯಾಕ್‌ಫರ್‌ಲ್ಯಾಂಡ್ ಎಂಬ ಅಳತೆಯ ಮಬ್ಬಿಗೆ ಹೊಂದಿಸಿ, ಮುಲ್ಲರ್-ಹಿಂಟನ್ ಅಗರ್ ಮೇಲೆ ಹತ್ತಿಯ ಕಡ್ಡಿಯಿಂದ ಒಂದಿಷ್ಟೂ ಜಾಗ ಬಿಡದೆ ಸವರಿ, ಔಷಧದ ಬಿಲ್ಲೆಗಳನ್ನು ಇಟ್ಟು, 16ರಿಂದ 18 ಗಂಟೆ ಕಾವುಪೆಟ್ಟಿಗೆಯಲ್ಲಿ ಇಟ್ಟು, ಬಿಲ್ಲೆಯ ಸುತ್ತ ಬೆಳೆಯದೆ ಉಳಿದ ವೃತ್ತದ ಅಗಲವನ್ನು ಮಿಲಿಮೀಟರ್‌ನಲ್ಲಿ ಅಳೆಯುತ್ತೇವೆ. ಅಗರ್ ನಾಲ್ಕು ಮಿಲಿಮೀಟರ್ ದಪ್ಪವಿರಬೇಕು; ಹೆಚ್ಚು ದಪ್ಪವಾದರೆ ವೃತ್ತ ಕಿರಿದಾಗಿ ಒಳ್ಳೆಯ ಔಷಧವೂ ಕೆಲಸಕ್ಕೆ ಬಾರದ್ದೆಂದು ಕಾಣುತ್ತದೆ. ತಟ್ಟೆ ಸುರಿಯುವವರ ಕೈ ಒಂದಿಷ್ಟು ಭಾರವಾದರೆ ರೋಗಿ ದುಬಾರಿ ಔಷಧಕ್ಕೆ ಹಣ ಕಟ್ಟಬೇಕಾಗುತ್ತದೆ.

ಇದರಲ್ಲಿ ನಾನು ವಿದ್ಯಾರ್ಥಿಗಳಿಗೆ ತಪ್ಪದೆ ತೋರಿಸುವುದು ಡಿ-ಪರೀಕ್ಷೆ. ಕುರುವಿನ ಕೀವಿನಿಂದ ಬೆಳೆದ ಸ್ಟಫೈಲೊಕಾಕಸ್ ಆರಿಯಸ್‌ನ ತಟ್ಟೆಯಲ್ಲಿ ಎರಿಥ್ರೊಮೈಸಿನ್ ಮತ್ತು ಕ್ಲಿಂಡಮೈಸಿನ್ ಬಿಲ್ಲೆಗಳನ್ನು 15ರಿಂದ 26 ಮಿಲಿಮೀಟರ್ ಅಂತರದಲ್ಲಿ ಅಕ್ಕಪಕ್ಕ ಇಟ್ಟರೆ, ಕೆಲವು ತಳಿಗಳಲ್ಲಿ ಕ್ಲಿಂಡಮೈಸಿನ್ ಸುತ್ತಲಿನ ವೃತ್ತ ಎರಿಥ್ರೊಮೈಸಿನ್ ಕಡೆಯ ಬದಿಯಲ್ಲಿ ಚಪ್ಪಟೆಯಾಗಿ, ಒಂದು ಕಡೆ ಕತ್ತರಿಸಿದ ರೊಟ್ಟಿಯಂತೆ ಕಾಣುತ್ತದೆ. ಎರಿಥ್ರೊಮೈಸಿನ್ ತಾಗಿದಾಗ ಆ ಬ್ಯಾಕ್ಟೀರಿಯಾ ತನ್ನೊಳಗಿನ ಪ್ರತಿರೋಧವನ್ನು ಎಚ್ಚರಿಸಿಕೊಳ್ಳುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಬಿಲ್ಲೆಗಳನ್ನು ದೂರ ದೂರ ಇಟ್ಟಿದ್ದರೆ ಕ್ಲಿಂಡಮೈಸಿನ್ ಕೆಲಸ ಮಾಡುತ್ತದೆಂದೇ ವರದಿ ಹೋಗುತ್ತಿತ್ತು, ರೋಗಿಯಲ್ಲಿ ಅದು ಸೋಲಬಹುದಾಗಿತ್ತು.

ಹಂತ 7: ಕಲ್ಚರ್ ಸಾಲದ ಕಡೆ ಬೇರೆ ದಾರಿ ಹಿಡಿಯಿರಿ

ವಿಷಮಶೀತ ಜ್ವರದ ವಿಡಾಲ್ ಪರೀಕ್ಷೆಯ ಬಗ್ಗೆ ಮೊದಲು ಹೇಳಬೇಕು, ಏಕೆಂದರೆ ಅದರಷ್ಟು ದುರ್ಬಳಕೆಯಾಗುವ ಪರೀಕ್ಷೆ ನಮ್ಮೂರುಗಳಲ್ಲಿ ಇನ್ನೊಂದಿಲ್ಲ. 1896ರಲ್ಲಿ ಫ್ರಾನ್ಸಿನ ಫೆರ್ನಾಂಡ್ ವಿಡಾಲ್ ರೂಪಿಸಿದ ಈ ಪರೀಕ್ಷೆ ರೋಗಾಣುವನ್ನು ಹುಡುಕುವುದಿಲ್ಲ, ದೇಹ ಅದರ ವಿರುದ್ಧ ತಯಾರಿಸಿದ ಪ್ರತಿಕಾಯಗಳನ್ನು ಅಳೆಯುತ್ತದೆ. ಹಳೆಯ ಸೋಂಕು, ಲಸಿಕೆ, ಬೇರೆ ಜ್ವರಗಳು ಇವುಗಳಿಂದಲೂ ಅದು ಪಾಸಿಟಿವ್ ಬರಬಹುದು. ಜ್ವರದ ಮೊದಲ ವಾರದಲ್ಲಿ ನಿಜವಾದ ರೋಗಿಯಲ್ಲೂ ನೆಗೆಟಿವ್ ಇರಬಹುದು. ಜ್ವರ ಬಂದ ಮೂರನೆಯ ದಿನ ಒಂದೇ ಒಂದು ವಿಡಾಲ್ ಮಾಡಿಸಿ 'ಟೈಫಾಯಿಡ್ ಇದೆ' ಎಂದು ಚಿಕಿತ್ಸೆ ಆರಂಭಿಸುವುದು ನನ್ನ ಪ್ರಕಾರ ರೋಗನಿರ್ಣಯವೇ ಅಲ್ಲ. ಮೊದಲ ವಾರದಲ್ಲಿ ರಕ್ತದ ಕಲ್ಚರ್ ಮಾಡಿಸಬೇಕು. ಅದೂ ಎಲ್ಲ ರೋಗಿಗಳಲ್ಲಿ ಪಾಸಿಟಿವ್ ಬರುವುದಿಲ್ಲ, ಆದರೆ ಬಂದಾಗ ಯಾವ ಔಷಧ ನಾಟುತ್ತದೆಂದೂ ತಿಳಿಯುತ್ತದೆ. 2016ರಿಂದ ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗದ ಟೈಫಾಯಿಡ್ ಹರಡಿದ್ದನ್ನು ಪತ್ತೆ ಹಚ್ಚಿದ್ದು ಕಲ್ಚರ್‌ಗಳೇ ಹೊರತು ವಿಡಾಲ್ ಅಲ್ಲ.

ಕ್ಷಯದ ಬ್ಯಾಕ್ಟೀರಿಯಾ ಸಾಮಾನ್ಯ ತಟ್ಟೆಯಲ್ಲಿ ಬೆಳೆಯುವುದಿಲ್ಲ. ವಿಶೇಷ ಮಾಧ್ಯಮದಲ್ಲಿಯೂ ವಾರಗಟ್ಟಲೆ ಬೇಕು. ಕಫದ ಪ್ರತಿ ಮಿಲಿಲೀಟರ್‌ನಲ್ಲಿ 5,000ದಿಂದ 10,000 ಬ್ಯಾಕ್ಟೀರಿಯಾ ಇದ್ದರೆ ಮಾತ್ರ ಸೂಕ್ಷ್ಮದರ್ಶಕಕ್ಕೆ ಸಿಗುತ್ತದೆ. ಈ ಕಾರಣಕ್ಕೆ ಜೀನ್‌ಎಕ್ಸ್‌ಪರ್ಟ್, ಟ್ರೂನ್ಯಾಟ್ ಎಂಬ ವಂಶವಾಹಿ ಪರೀಕ್ಷೆಗಳು ಬಂದಿವೆ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನ ಸಂಶೋಧನೆಯಿಂದ ರೂಪುಗೊಂಡ ಟ್ರೂನ್ಯಾಟ್ ಬ್ಯಾಟರಿಯಿಂದ ನಡೆಯುವ ಪುಟ್ಟ ಯಂತ್ರವಾದ್ದರಿಂದ ತಾಲ್ಲೂಕು ಮಟ್ಟದಲ್ಲಿಯೂ ಕೆಲಸಕ್ಕೆ ಬರುತ್ತದೆ, ರಿಫಾಂಪಿಸಿನ್‌ಗೆ ಪ್ರತಿರೋಧವಿದೆಯೇ ಎಂಬುದನ್ನೂ ತಿಳಿಸುತ್ತದೆ. ಇಲಿಜ್ವರಕ್ಕೆ ಮೊದಲ ವಾರದಲ್ಲಿ ಪಿಸಿಆರ್, ಆ ಬಳಿಕ ಐಜಿಎಂ ಪ್ರತಿಕಾಯ. ಸ್ಕ್ರಬ್ ಟೈಫಸ್‌ಗೆ ಐಜಿಎಂ ಎಲೈಸಾ, ಕಪ್ಪು ಹೊಪ್ಪಳೆ ಸಿಕ್ಕಿದರೆ ಅದರ ಚೂರಿನ ಪಿಸಿಆರ್. ರಕ್ತದಲ್ಲಿ ಸಿಆರ್‌ಪಿ ಎಂಬ ಪ್ರೋಟೀನ್ ಏರಿದೆಯೆಂಬುದು ಉರಿಯೂತವಿದೆ ಎಂದಷ್ಟೇ ಹೇಳುತ್ತದೆ, ಕಾರಣ ಬ್ಯಾಕ್ಟೀರಿಯಾ ಎಂದು ಅದರಿಂದಲೇ ತೀರ್ಮಾನಿಸಲಾಗದು.

ಹಂತ 8: ವರದಿಯನ್ನು ರೋಗಿಯ ಜೊತೆಗಿಟ್ಟು ಓದಿ

ಮೊದಲು ಮಾದರಿ ಯಾವುದು, ಯಾವ ದಿನ ತೆಗೆದದ್ದು ಎಂದು ನೋಡಿ. ನಂತರ ಕೀವುಕೋಶಗಳಿದ್ದವೇ ಎಂದು ನೋಡಿ. ಬ್ಯಾಕ್ಟೀರಿಯಾದ ಹೆಸರು ಅದರ ನಂತರ, ಔಷಧಗಳ ಪಟ್ಟಿ ಎಲ್ಲಕ್ಕಿಂತ ಕೊನೆಗೆ. ಬಹಳ ಮಂದಿ ಪಟ್ಟಿಯಿಂದ ಓದಲು ಆರಂಭಿಸುತ್ತಾರೆ.

ಪಟ್ಟಿಯಲ್ಲಿ ಎಂಐಸಿ ಎಂದು ಬರೆದ ಅಂಕಿಗಳನ್ನು ಒಂದರ ಜೊತೆ ಒಂದನ್ನು ಹೋಲಿಸಿ ಸಣ್ಣ ಅಂಕಿಯ ಔಷಧವೇ ಒಳ್ಳೆಯದೆಂದು ಆರಿಸಬಾರದು. ಅದು ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆಯಲು ಬೇಕಾದ ಆ ಔಷಧದ ಕನಿಷ್ಠ ಸಾಂದ್ರತೆ, ಪ್ರತಿ ಔಷಧಕ್ಕೂ ಅದರದೇ ಗಡಿಯಿದೆ. ಮೂತ್ರದಿಂದ ಬೆಳೆದ ಈ-ಕೊಲೈಗೆ ನೈಟ್ರೊಫ್ಯುರಾಂಟಾಯಿನ್‌ನ ಎಂಐಸಿ 16, ಸೆಫ್ಟ್ರಿಯಾಕ್ಸೋನ್‌ನದು 4 ಎಂದು ಬಂದರೆ, ಲ್ಯಾಬ್ ಪರೀಕ್ಷೆಗಳಿಗೆ ಗಡಿಗಳನ್ನು ನಿಗದಿಪಡಿಸುವ ಸಿಎಲ್‌ಎಸ್‌ಐ ಸಂಸ್ಥೆಯ ಮಾನದಂಡದಂತೆ 16 ಇರುವ ನೈಟ್ರೊಫ್ಯುರಾಂಟಾಯಿನ್ ಕೆಲಸ ಮಾಡುತ್ತದೆ, 4 ಇರುವ ಸೆಫ್ಟ್ರಿಯಾಕ್ಸೋನ್ ಮಾಡುವುದಿಲ್ಲ. ಔಷಧ ಸೋಂಕಿನ ಜಾಗವನ್ನು ಮುಟ್ಟುತ್ತದೆಯೇ ಎಂದೂ ಕೇಳಿಕೊಳ್ಳಬೇಕು: ಇದೇ ನೈಟ್ರೊಫ್ಯುರಾಂಟಾಯಿನ್ ಮೂತ್ರಕೋಶದ ಸೋಂಕಿಗೆ ಸಾಕು, ಸೋಂಕು ಮೂತ್ರಪಿಂಡಕ್ಕೋ ರಕ್ತಕ್ಕೋ ಏರಿದ್ದರೆ ಸಾಲದು, ಡಾಪ್ಟೊಮೈಸಿನ್ ರಕ್ತದಲ್ಲಿ ಬಲಶಾಲಿ, ಶ್ವಾಸಕೋಶದ ಒಳಪದರದ ದ್ರವ ಅದನ್ನು ನಿಷ್ಕ್ರಿಯಗೊಳಿಸುವುದರಿಂದ ನ್ಯುಮೋನಿಯಾಕ್ಕೆ ಕೊಡುವಂತಿಲ್ಲ. ಸಾಲ್ಮೊನೆಲ್ಲಾಗೆ ಜೆಂಟಮೈಸಿನ್ ತಟ್ಟೆಯಲ್ಲಿ ಎಷ್ಟು ಅಗಲದ ವೃತ್ತ ಬಿಡಿಸಿದರೂ ರೋಗಿಯಲ್ಲಿ ಫಲ ಕೊಡುವುದಿಲ್ಲ, ಆ ಕಾರಣಕ್ಕೆ ಲ್ಯಾಬು ಅದನ್ನು ವರದಿಯಲ್ಲಿ ಬರೆಯಬಾರದು.

ಎಂಬತ್ತು ದಾಟಿದ ಅಜ್ಜಿಯ ಮೂತ್ರದಲ್ಲಿ 1 ಲಕ್ಷಕ್ಕಿಂತ ಹೆಚ್ಚು ಈ-ಕೊಲೈ ಬೆಳೆದಿದೆ, ಆದರೆ ಅವರಿಗೆ ಉರಿಯಿಲ್ಲ, ಜ್ವರವಿಲ್ಲ, ಬೇರೆ ಯಾವ ತೊಂದರೆಯೂ ಇಲ್ಲ ಎಂದಾದರೆ ಆ್ಯಂಟಿಬಯೋಟಿಕ್ ಬೇಡ. ಗರ್ಭಿಣಿಯರಲ್ಲಿ ಮತ್ತು ಮೂತ್ರನಾಳದ ಶಸ್ತ್ರಚಿಕಿತ್ಸೆಗೆ ಮೊದಲು ಮಾತ್ರ ಇಂತಹ ಲಕ್ಷಣವಿಲ್ಲದ ಬೆಳವಣಿಗೆಗೆ ಔಷಧ ಕೊಡುವುದು ರೂಢಿ. ವರದಿಯಲ್ಲಿ ದಪ್ಪ ಅಕ್ಷರದಲ್ಲಿ ಬ್ಯಾಕ್ಟೀರಿಯಾದ ಹೆಸರು ಕಂಡ ಮೇಲೆ ಏನೂ ಕೊಡದೆ ಸುಮ್ಮನಿರುವುದು ವೈದ್ಯರಿಗೂ ಮನೆಯವರಿಗೂ ಕಷ್ಟವೇ.

ಇನ್ನು 'ಬೆಳವಣಿಗೆ ಇಲ್ಲ' ಎಂಬ ವರದಿ. ರಕ್ತದ ಬಾಟಲಿಗಳನ್ನು ಸಾಮಾನ್ಯವಾಗಿ ಐದು ದಿನ ಯಂತ್ರದಲ್ಲಿ ಇಡುತ್ತೇವೆ. 48 ಗಂಟೆಗೆ ಬರುವುದು ತಾತ್ಕಾಲಿಕ ವರದಿ. ಆ ಹೊತ್ತಿಗೆ ರೋಗಿ ಚೇತರಿಸಿಕೊಂಡಿದ್ದು, ಬೇರೆ ಕಾರಣ ಸಿಕ್ಕಿದ್ದರೆ ಔಷಧ ನಿಲ್ಲಿಸುವ ಬಗ್ಗೆ ಯೋಚಿಸಬಹುದು. ಬ್ಯಾಕ್ಟೀರಿಯಾ ಬೆಳೆದಿದ್ದರೆ, ಅಂದಾಜಿನ ಮೇಲೆ ಆರಂಭಿಸಿದ ವಿಶಾಲ ವ್ಯಾಪ್ತಿಯ ಔಷಧವನ್ನು ಅದೇ ದಿನ ಬದಲಿಸಿ, ಆ ಬ್ಯಾಕ್ಟೀರಿಯಾಕ್ಕೆ ಸಾಕಾಗುವ ಕಿರಿದಾದ ಔಷಧಕ್ಕೆ ಇಳಿಸಬೇಕು. ಬೆಳೆಯದಿದ್ದು ಜ್ವರ ಮುಂದುವರಿದಿದ್ದರೆ ಮೊದಲ ಹಂತದ ಚೀಟಿಯನ್ನು ಮತ್ತೆ ತೆಗೆದು, ಮಾದರಿಯನ್ನು ಯಾವಾಗ, ಎಲ್ಲಿಂದ, ಎಷ್ಟು, ಯಾವ ಡಬ್ಬಿಯಲ್ಲಿ ತೆಗೆದಿದ್ದೆವು ಎಂಬುದನ್ನು ನೋಡಿ, ಲ್ಯಾಬಿನವರಿಗೆ ಒಂದು ಫೋನ್ ಮಾಡಿ. ನಾವು ತಟ್ಟೆಗಳನ್ನು ಕೆಲವು ದಿನ ಇಟ್ಟುಕೊಂಡಿರುತ್ತೇವೆ. ಏನನ್ನು ಹುಡುಕಬೇಕೆಂದು ತಿಳಿಸಿದರೆ ಮತ್ತೊಮ್ಮೆ ಹೊರತೆಗೆದು ನೋಡುತ್ತೇವೆ.